ಬಿಟ್ಟಿ ವಕೀಲಮ್ಮನ ಗೌನು

ನಮ್ಮ ಅತ್ತಿಗೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಬಟ್ಟೆ ನೆನಪಿರುತ್ತದೆ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ನಾನು ಒಂದು ಮುಖ ಒಮ್ಮೆ ನೋಡಿದರೆ ಮರೆಯುವವನಲ್ಲ, ಅದರಲ್ಲೂ ಟಿಕೆಟ್ ಇಲ್ಲದೆ ಇಳಿದು ಹೋದವನ ಮುಖ. ಅತ್ತಿಗೆ ಹಾಗಲ್ಲ. ಎದುರು ಬಂದು ನಿಂತ ಗಿರಾಕಿಯನ್ನು ಯಾರೋ ಏನೋ ಎಂದು ನೋಡುತ್ತಿರುತ್ತಾರೆ. ಅವನು ಚೀಲದಿಂದ ಅಂಗಿ ಹೊರಗೆ ತೆಗೆದ ಕೂಡಲೇ, "ಓ, ನೀವಾ? ಮೂರನೇ ಗುಂಡಿ ಇನ್ನೂ ಹಾಕಿಸಿಲ್ವಲ್ಲ" ಅನ್ನುತ್ತಾರೆ.

ಕೋರ್ಟಿನ ಎದುರು ರಸ್ತೆಯಲ್ಲಿ ಮೂರು ಮಹಡಿಯ ಹಳೇ ಕಟ್ಟಡವಿದೆ. ಅದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅತ್ತಿಗೆಯ ಇಸ್ತ್ರಿ ಅಂಗಡಿ. ಕೋಣೆ ಎನ್ನುವುದು ದೊಡ್ಡ ಮಾತು, ಗೂಡು ಅನ್ನಿ. ಒಂದು ಮೇಜು, ಗೋಡೆಗೆ ಹೊಡೆದ ಮೊಳೆಗಳು, ಇದ್ದಿಲಿನ ಚೀಲ, ಮೂರು ತೂಕದ ಮೂರು ಇಸ್ತ್ರಿ ಪೆಟ್ಟಿಗೆ. ಒಳಗಿನ ಅರ್ಧದಲ್ಲಿ ಮೆಟ್ಟಿಲು ಇಳಿಜಾರಾಗಿ ಬಂದಿರುವುದರಿಂದ ಬಗ್ಗಿಯೇ ನಡೆಯಬೇಕು. ನಾನು ಹೋದಾಗಲೆಲ್ಲ ತಲೆ ಹೊಡೆಸಿಕೊಳ್ಳುತ್ತೇನೆ. ನಮ್ಮಣ್ಣ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಆ ಮಗಳನ್ನು ಓದಿಸಿ ನರ್ಸ್ ಮಾಡಿದ್ದು ಈ ಗೂಡೇ. ಇಪ್ಪತ್ತೆರಡು ವರ್ಷದಲ್ಲಿ ಅತ್ತಿಗೆ ಅಂಗಡಿ ಮುಚ್ಚಿದ್ದು ಎಷ್ಟು ದಿನ ಎಂದು ಬೆರಳಲ್ಲಿ ಎಣಿಸಬಹುದು.

ಗಿರಾಕಿಗಳಲ್ಲಿ ಮುಕ್ಕಾಲು ಪಾಲು ವಕೀಲರು. ಅವರ ಕರಿ ಗೌನುಗಳನ್ನು ನೋಡಿಯೇ ಅತ್ತಿಗೆ ಅವರ ಜಾತಕ ಹೇಳುತ್ತಾರೆ. "ಓದೋರ ಗೌನು ಮೊಣಕೈ ಹತ್ರ ಸವೆದಿರುತ್ತಪ್ಪಾ. ಕೂಗೋರದ್ದು ಕಂಕುಳಲ್ಲಿ ಬಣ್ಣ ಹೋಗಿರುತ್ತೆ. ಎರಡೂ ಇಲ್ದೆ ಕೊಂಡಾಗಿದ್ದ ಹಾಗೇ ಇದ್ರೆ, ಅವ್ರಿಗೆ ಕ್ಯಾಂಟೀನಲ್ಲೇ ಜಾಸ್ತಿ ಕೆಲ್ಸ." ನಾನು ನಗುತ್ತಿದ್ದೆ. ಇಸ್ತ್ರಿ ಮಾಡುವವರು ಇಸ್ತ್ರಿ ಮಾಡಲಿ, ಕಾನೂನು ನಮ್ಮಂಥವರಿಗೆ ಬಿಡಲಿ ಎಂಬುದು ಆಗಿನ ನನ್ನ ಅಭಿಪ್ರಾಯ. ಯಾಕೆಂದರೆ ನಾನು ಒಂದು ಬಸ್ ಅಪಘಾತದ ಕೇಸಿನಲ್ಲಿ ಎರಡು ಸಲ ಸಾಕ್ಷಿ ಹೇಳಿದವನು. ಅವತ್ತಿನಿಂದ ನಮ್ಮ ಮನೆತನದಲ್ಲಿ ಕಾಗದಪತ್ರ ಅಂದರೆ ನನ್ನನ್ನೇ ಕರೆಯುತ್ತಾರೆ, ಕರೆಯದಿದ್ದರೂ ನಾನೇ ಹೋಗುತ್ತೇನೆ.

ಹೋದ ವರ್ಷ ಕಟ್ಟಡದ ಹಳೇ ಯಜಮಾನರು ತೀರಿಕೊಂಡರು. ಅವರ ಮಕ್ಕಳು ಅದನ್ನು ಒಬ್ಬನಿಗೆ ಮಾರಿದರು. ಈ ಹೊಸ ಯಜಮಾನ ಮೈತುಂಬ ಸೆಂಟು ಹಾಕಿಕೊಳ್ಳುತ್ತಿದ್ದುದರಿಂದ ರಸ್ತೆಯವರೆಲ್ಲ ಅವನನ್ನು ಸೆಂಟು ಯಜಮಾನ ಅನ್ನುತ್ತಿದ್ದರು. ಅವನಿಗೆ ಮೆಟ್ಟಿಲ ಕೆಳಗೆ ನೀರಿನ ಮೋಟಾರು ಇಡಬೇಕಿತ್ತಂತೆ. ಅತ್ತಿಗೆಗೆ ವಕೀಲರ ನೋಟೀಸು ಬಂತು. ಆಕೆ ಅಲ್ಲಿ ಬಾಡಿಗೆದಾರಳೇ ಅಲ್ಲ, ಅಂಗಡಿಯೂ ಇಲ್ಲ, ಹಳೇ ಯಜಮಾನರು ಕನಿಕರಪಟ್ಟು ಒಂದು ಮೇಜು ಇಟ್ಟುಕೊಳ್ಳಲು ಬಿಟ್ಟಿದ್ದರು ಅಷ್ಟೇ, ಹದಿನೈದು ದಿನದಲ್ಲಿ ಮೇಜು ಎತ್ತಬೇಕು ಎಂದು.

ಅತ್ತಿಗೆ ತಿಂಗಳು ತಿಂಗಳು ಬಾಡಿಗೆ ಕೊಟ್ಟವರೇ. ಆದರೆ ಹಳೇ ಯಜಮಾನರು ರಸೀದಿ ಕೊಟ್ಟವರಲ್ಲ, ಇವರು ಕೇಳಿದವರಲ್ಲ. ನಂಬಿಕೆಯ ಮೇಲೆ ನಡೆದ ವ್ಯವಹಾರ. ನಂಬಿಕೆಯನ್ನು ಕೋರ್ಟಿನಲ್ಲಿ ತೋರಿಸುವುದು ಹೇಗೆ? ನೋಟೀಸನ್ನು ನಾನು ಓದಿ ಹೇಳಿದಾಗ ಅತ್ತಿಗೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿದರು.

"ಇದು ಹೋದ್ರೆ ನಾನು ಎಲ್ಲಿ ನಿಲ್ಲಲಿ? ಮಗಳ ಮನೇಲಿ ಕೂತು ಉಣ್ಣೋಕೆ ನನಗೆ ಬರಲ್ಲ" ಅಂದರು.

"ನಾನಿಲ್ವಾ ಅತ್ತಿಗೆ? ಊರಿಗೇ ದೊಡ್ಡ ವಕೀಲರನ್ನ ಹಿಡಿಯೋಣ" ಅಂದೆ.

ಹಿಡಿದೆವು. ಮಗಳು ಒಂದಿಷ್ಟು ಹಾಕಿದಳು, ನಾನು ಪಿಂಚಣಿಯಿಂದ ಒಂದಿಷ್ಟು ಹಾಕಿದೆ, ಹೋಗುವ ದಿನ ಮೂವರೂ ಒಳ್ಳೇ ಬಟ್ಟೆ ತೊಟ್ಟೆವು. ದೊಡ್ಡ ವಕೀಲರ ಕಚೇರಿಯಲ್ಲಿ ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ಕೂತವರು ಏಳುವಷ್ಟರಲ್ಲಿ ಅರ್ಧ ಫೀಸು ಒಪ್ಪಿಕೊಂಡಿರುತ್ತಾರೆ. ಸಲಹೆಗೆ ಒಂದು ದರ. ಕಾಗದ ಓದುವುದಕ್ಕೆ ಒಂದು ದರ. ಉತ್ತರ ಬರೆದರೆ ಪುಟಕ್ಕಿಷ್ಟು. ಕೋರ್ಟಿಗೆ ಬಂದರೆ ಒಂದು ದರ, ಬಂದು ಮಾತಾಡಿದರೆ ಇನ್ನೊಂದು ದರ. "ಮಾತಾಡದೇನೂ ಬರ್ತಾರಾ?" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಕೇಳಿದರು. ನಾನು ಕಣ್ಣು ಬಿಟ್ಟು ಹೆದರಿಸಿದೆ, ಅದಕ್ಕೂ ಎಲ್ಲಿ ದರ ಹಾಕುತ್ತಾರೋ ಎಂದು.

ಹೊರಗೆ ಬಂದ ಮೇಲೆ ಅತ್ತಿಗೆ ಖಡಾಖಂಡಿತವಾಗಿ ಹೇಳಿದರು: "ಇವರು ಬೇಡ. ಗೋಡೆಗೆ ನೇತು ಹಾಕಿದ್ದ ಗೌನು ನೋಡಿದೆ. ಒಂಬತ್ತು ವರ್ಷದಿಂದ ನಾನೇ ಇಸ್ತ್ರಿ ಮಾಡ್ತಿರೋದು. ಮೊಣಕೈ ಇವತ್ತಿಗೂ ಹೊಸದು."

ಸಲಹೆಯ ಫೀಸು ಹೋಯಿತು. ಕೋರ್ಟು ಮೆಟ್ಟಿಲು ಹತ್ತಿದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ನಾವು ಇನ್ನೂ ಹತ್ತೇ ಇರಲಿಲ್ಲ, ಆಗಲೇ ನಾನು ಅರ್ಧ ಸತ್ತಿದ್ದೆ. ಆಗ ಕೋರ್ಟಿನ ಜವಾನನೊಬ್ಬ, ಆವರಣದ ಹಿಂಭಾಗದಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಇದೆ, ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎಂದ. ನನಗೆ ಮನಸ್ಸಿರಲಿಲ್ಲ. ಬಿಟ್ಟಿ ಸಿಗುವ ವಕೀಲರು ವಾದವನ್ನೂ ಬಿಟ್ಟಿಯಾಗಿಯೇ ಮಾಡುತ್ತಾರೆ ಎಂದು ನನ್ನ ಲೆಕ್ಕ. ಆದರೆ ಜೇಬು ನನ್ನ ಮಾತು ಕೇಳಲಿಲ್ಲ.

ಒಂದೇ ಒಂದು ಸಲಹೆ ಕೊಟ್ಟೆ. "ಅತ್ತಿಗೆ, ಅಲ್ಲಿಗೆ ಹೋಗೋವಾಗ ಬಡವರ ಥರ ಕಾಣ್ಬೇಕು. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಸುಕ್ಕುಸುಕ್ಕಾಗಿರ್ಲಿ."

ಹಳೇ ಬಟ್ಟೆಯನ್ನೇನೋ ಹಾಕಿಕೊಂಡು ಬಂದರು. ಆದರೆ ಸುಕ್ಕು? ಬೆಳಗ್ಗೆ ಎದ್ದು ಇದ್ದಿಲು ಹಾಕಿ, ನೀರು ಚಿಮುಕಿಸಿ, ಅಂಚಂಚೂ ಬಿಡದೆ ಉಜ್ಜಿ, ಕೈ ಇಟ್ಟರೆ ಕುಯ್ಯುವ ಹಾಗೆ ಮಡಿಕೆ ತಂದಿದ್ದರು. ನನ್ನ ಮುಖ ನೋಡಿ, "ಸುಕ್ಕು ಬಟ್ಟೇಲಿ ನಾನು ಬೀದೀಲಿ ಹೋದ್ರೆ ನಾಳೆಯಿಂದ ನನ್ನ ಹತ್ರ ಯಾರು ಬಟ್ಟೆ ಕೊಡ್ತಾರೆ?" ಅಂದರು.

ಕಚೇರಿಯ ಅಧಿಕಾರಿ ಅರ್ಜಿ ನೋಡಿದರು, ಅತ್ತಿಗೆಯನ್ನು ನೋಡಿದರು, ಮತ್ತೆ ಅರ್ಜಿ ನೋಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಅವರ ಹಣೆಯ ಮೇಲೆಯೇ ಕಾಣುತ್ತಿತ್ತು.

"ತಿಂಗಳ ಆದಾಯ ಇಷ್ಟೇ ಅಂತ ಬರ್ದಿದ್ದೀರಿ. ಬಟ್ಟೆ ನೋಡಿದ್ರೆ ಹಾಗೆ ಕಾಣಲ್ವಲ್ಲಮ್ಮ."

"ಬಟ್ಟೆ ಹನ್ನೊಂದು ವರ್ಷದ್ದು ಸ್ವಾಮಿ. ಇಸ್ತ್ರಿ ಮಾತ್ರ ಇವತ್ತಿಂದು" ಎಂದು ಅತ್ತಿಗೆ ಅಂಚು ತಿರುಗಿಸಿ ಒಳಗಿನ ಹೊಲಿಗೆಗಳನ್ನು ತೋರಿಸಿದರು. ಅಷ್ಟಕ್ಕೇ ಸುಮ್ಮನಿರಬಾರದೇ? "ನಿಮ್ಮ ಕಾಲರಿಗೆ ಯಾರೋ ನೀರು ಚಿಮುಕಿಸ್ದೇ ಉಜ್ಜಿದ್ದಾರೆ, ಹೊಳಪು ಬಂದ್ಬಿಟ್ಟಿದೆ. ಒದ್ದೆ ಬಟ್ಟೆ ಮೇಲೆ ಹಾಕಿ ಉಜ್ಜೋಕೆ ಹೇಳಿ" ಅಂದರು. ಕೆಲಸ ಕೆಟ್ಟಿತು ಎಂದುಕೊಂಡೆ. ಅಧಿಕಾರಿ ಕಾಲರು ಮುಟ್ಟಿ ನೋಡಿಕೊಂಡು, ಮನೆಯಲ್ಲಿ ತಾವೇ ಉಜ್ಜಿದ್ದು ಎಂದು ಒಪ್ಪಿಕೊಂಡರು. ಆದಾಯದ ಪ್ರಮಾಣಪತ್ರ ತರಲು ಹೇಳಿದರು. ಅದಕ್ಕಾಗಿ ನಾನು ಹನ್ನೊಂದು ದಿನ ಅಲೆದೆ. ಹೆಂಗಸರಿಗೆ ಅದು ಬೇಕಾಗಿಯೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಹದಿಮೂರನೇ ದಿನ ಅತ್ತಿಗೆಗೆ ವಕೀಲರು ಸಿಕ್ಕರು.

ನಲವತ್ತರ ಆಸುಪಾಸಿನ ಹೆಂಗಸು. ಸಣ್ಣ ಧ್ವನಿ. ನನಗೆ ನೋಡಿದ ಕೂಡಲೇ ನಿರಾಸೆಯಾಯಿತು. ಅತ್ತಿಗೆಗೆ ಅವರ ಮುಖದ ಗುರುತು ಹತ್ತಲಿಲ್ಲ, ಆದರೆ ಕುರ್ಚಿಗೆ ಹಾಕಿದ್ದ ಗೌನು ನೋಡಿ ಅತ್ತಿಗೆಯ ಮುಖ ಅರಳಿತು. ಎರಡೂ ಮೊಣಕೈಗೆ ತೇಪೆ ಹಾಕಿದ ಗೌನು. "ಇದು ನಿಮ್ದಾ ತಾಯೀ? ಆರು ವರ್ಷದಿಂದ ನೋಡ್ತಾ ಇದ್ದೀನಿ. ಇನ್ನು ನಂಗೆ ಭಯ ಇಲ್ಲ" ಅಂದರು.

ವಕೀಲಮ್ಮ ಮೊದಲ ದಿನವೇ ನಿಯಮ ಹೇಳಿದರು. ಅವರ ಸಂಭಾವನೆ ಸರ್ಕಾರ ಕೊಡುತ್ತದೆ. ಕಕ್ಷಿದಾರರಿಂದ ಹಣ, ಉಡುಗೊರೆ, ಸೇವೆ, ಯಾವುದನ್ನೂ ತೆಗೆದುಕೊಳ್ಳುವ ಹಾಗಿಲ್ಲ.

"ಸೇವೆ ಅಂದ್ರೆ?" ಅತ್ತಿಗೆ ಕೇಳಿದರು.

"ಇಸ್ತ್ರೀನೂ ಸೇವೇನೇ ಅಮ್ಮ."

"ದುಡ್ಡು ಕೊಟ್ಟೇ ಮಾಡಿಸ್ಕೊಳ್ಳಿ."

"ಕೊಟ್ರೆ ನೀವು ತಗೊಳ್ಳಲ್ಲ. ತಗೊಂಡ್ರೂ ಅರ್ಧ ತಗೊಳ್ತೀರಿ. ಕೇಸು ಮುಗಿಯೋವರೆಗೂ ನನ್ನ ಬಟ್ಟೆ ನಾನೇ ನೋಡ್ಕೊಳ್ತೀನಿ."

ಇಲ್ಲಿಂದ ಶುರುವಾಯಿತು ನೋಡಿ ಅತ್ತಿಗೆಯ ನಿಜವಾದ ಕಷ್ಟ. ವಕೀಲಮ್ಮ ಕಾನೂನು ಬಲ್ಲವರು, ಇಸ್ತ್ರಿ ಬಲ್ಲವರಲ್ಲ. ಅಂಗಡಿ ಎಬ್ಬಿಸದಂತೆ ಅವರು ಕೋರ್ಟಿನಲ್ಲಿ ದಾವೆ ಹಾಕಿದರು, ಒಂದೊಂದು ವಾಯಿದೆಗೂ ಗೌನು ಹದಗೆಡುತ್ತಾ ಬಂತು. ನೆರಿಗೆಗಳು ದಾರಿ ತಪ್ಪಿದವು. ಮೂರನೇ ವಾಯಿದೆಯ ಹೊತ್ತಿಗೆ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿ ಅಚ್ಚೊತ್ತಿತ್ತು. ಅವತ್ತೇ ಅತ್ತಿಗೆಯ ಸಾಕ್ಷಿ. ನ್ಯಾಯಾಧೀಶರು, ಬಾಡಿಗೆ ಯಾರ ಕೈಗೆ ಕೊಡುತ್ತಿದ್ದಿರಿ ಎಂದು ಕೇಳಿದರು. ಎರಡನೇ ಸಲ ಕೇಳಿದರು.

"ಏನಮ್ಮ, ಎಲ್ಲಿ ನೋಡ್ತಿದ್ದೀರಿ?"

"ಇವರ ಬೆನ್ನು ಸ್ವಾಮಿ" ಅಂದರು ಅತ್ತಿಗೆ.

ವಕೀಲಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತ ಮೇಲೆಯೇ ಸಾಕ್ಷಿ ಮುಂದುವರಿದದ್ದು. ಅದೂ ಏನು ದೊಡ್ಡದಾಗಿ ಬರಲಿಲ್ಲ. ರಸೀದಿ ಇದೆಯಾ? ಇಲ್ಲ. ಕರಾರುಪತ್ರ? ಇಲ್ಲ. ಬಾಡಿಗೆ ಕೊಡುವುದನ್ನು ನೋಡಿದವರು? ಹಳೇ ಯಜಮಾನರು, ಅವರು ಈಗಿಲ್ಲ. ಗಿರಾಕಿ ವಕೀಲರಿಗೆ ಅಂಗಡಿ ಗೊತ್ತು, ಬಾಡಿಗೆ ಗೊತ್ತಿಲ್ಲ. ಸೆಂಟು ಯಜಮಾನ ಮುಂದಿನ ಬೆಂಚಿನಲ್ಲಿ ಕಾಲು ಕುಣಿಸುತ್ತಾ ಕೂತಿದ್ದ. ಅವನ ವಕೀಲರು ಇನ್ನೊಬ್ಬ ದೊಡ್ಡವರು. ಆಳು ಬೇರೆಯಾದರೂ ದರಪಟ್ಟಿ ಅದೇ ಎಂದು ವಿಚಾರಿಸಿ ತಿಳಿದುಕೊಂಡಿದ್ದೆ. ನಮ್ಮ ಗೂಡು ಹೋಯಿತು ಎಂದು ಅವತ್ತು ನನಗೆ ಖಾತ್ರಿಯಾಯಿತು.

ಮಧ್ಯಾಹ್ನ ಊಟದ ಬಿಡುವು. ವಕೀಲಮ್ಮ ಗೌನನ್ನು ವಕೀಲರ ಕೋಣೆಯ ಕುರ್ಚಿಗೆ ಹಾಕಿ ಊಟಕ್ಕೆ ಹೋಗಿದ್ದರು. ಅತ್ತಿಗೆ ನನ್ನ ತೋಳು ಹಿಡಿದು, "ಹೋಗಿ ಅದನ್ನ ತಗೊಂಡ್ಬಾ" ಅಂದರು.

"ಅತ್ತಿಗೆ, ಅದು ಕಳ್ಳತನ. ಅದೂ ಕೋರ್ಟಲ್ಲಿ."

"ಹದಿನೈದು ನಿಮಿಷ ಸಾಕಪ್ಪಾ. ನನಗೋಸ್ಕರ ನಿಲ್ಲೋ ಹೆಣ್ಣುಮಗಳು ಆ ಬೆನ್ನು ಇಟ್ಕೊಂಡು ನಿಂತ್ರೆ ನನ್ನ ಜೀವ ಹೋಗುತ್ತೆ."

ಮೂವತ್ತು ವರ್ಷ ಒಂದು ಟಿಕೆಟ್ಟಿನ ದುಡ್ಡನ್ನೂ ಆಚೀಚೆ ಮಾಡದ ನಾನು, ಮುಖದ ತುಂಬ ಬೆವರು ಸುರಿಸಿಕೊಂಡು ಒಂದು ಗೌನನ್ನು ಅಂಗಿಯೊಳಗೆ ತುರುಕಿಕೊಂಡು ರಸ್ತೆ ದಾಟಿದೆ. ಅತ್ತಿಗೆ ಒದ್ದೆ ಬಟ್ಟೆ ಹಾಸಿ, ದೊಡ್ಡ ಪೆಟ್ಟಿಗೆ ಎತ್ತಿ ಉಜ್ಜಿದರು. ಅವರ ಮುಖದಲ್ಲಿ ಆರು ತಿಂಗಳಲ್ಲಿ ಕಾಣದ ಸಮಾಧಾನ ಕಂಡೆ. ಬಿಡುವು ಮುಗಿಯುವಷ್ಟರಲ್ಲಿ ಗೌನು ಕುರ್ಚಿಯ ಮೇಲಿತ್ತು. ಆದರೆ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಸೆಂಟು ಯಜಮಾನ ಇದಿಷ್ಟನ್ನೂ ನೋಡಿದ್ದ, ಫೋನಿನಲ್ಲಿ ಫೋಟೋ ಕೂಡ ಹಿಡಿದಿದ್ದ.

ವಾರದೊಳಗೆ ಉಚಿತ ನೆರವಿನ ಕಚೇರಿಯಿಂದ ಕರೆ ಬಂತು. ನಿಮ್ಮ ವಕೀಲೆ ಕಕ್ಷಿದಾರಳಿಂದ ಲಂಚ ಪಡೆದಿದ್ದಾಳೆ ಎಂದು ದೂರು. ನಿಜವೆಂದಾದರೆ ವಕೀಲಮ್ಮನನ್ನು ಈ ಕೇಸಿನಿಂದಷ್ಟೇ ಅಲ್ಲ, ಕಚೇರಿಯ ಪಟ್ಟಿಯಿಂದಲೇ ತೆಗೆಯುತ್ತಾರೆ. ಅತ್ತಿಗೆ ಅಧಿಕಾರಿಯ ಎದುರು ನಿಂತು ಅತ್ತರು. ನಾನು ಅಣ್ಣ ಸತ್ತಾಗ ಬಿಟ್ಟರೆ ಅವರು ಅತ್ತದ್ದನ್ನು ಕಂಡಿರಲಿಲ್ಲ.

"ನನ್ನ ಗೂಡು ಹೋದ್ರೆ ಹೋಗ್ಲಿ ಸ್ವಾಮಿ. ಈ ತಾಯಿ ಅನ್ನಕ್ಕೆ ಕಲ್ಲು ಹಾಕಿದೆನಲ್ಲ. ಅವರಿಗೆ ಗೊತ್ತೇ ಇಲ್ಲ. ನಾನೇ ಕದ್ದು ಉಜ್ಜಿದ್ದು."

"ಕದ್ದದ್ದು ನಾನು" ಎಂದು ನಾನೂ ಒಂದು ಮಾತು ಸೇರಿಸಿದೆ. ಅತ್ತಿಗೆಯೊಬ್ಬರೇ ಜೈಲಿಗೆ ಹೋಗುವುದು ಸರಿಯಲ್ಲ ಎನಿಸಿತು.

ಅಧಿಕಾರಿ ತುಟಿ ಕಚ್ಚಿಕೊಂಡು ಕೇಳಿಸಿಕೊಂಡರು. ಅವರ ಕಾಲರು ಅವತ್ತು ಚೆನ್ನಾಗಿತ್ತು. ಕೊನೆಗೆ, ಒಂದು ಗೌನಿನ ಇಸ್ತ್ರಿಗೆ ಎಷ್ಟಾಗುತ್ತದೋ ಅಷ್ಟನ್ನು ವಕೀಲಮ್ಮ ಈಗಲೇ ಕೊಡಬೇಕು, ಅತ್ತಿಗೆ ರಸೀದಿ ಕೊಡಬೇಕು, ಇನ್ನು ಮುಂದೆ ಹೀಗಾಗಬಾರದು ಎಂದು ಬರೆದು ಮುಗಿಸಿದರು. ಅತ್ತಿಗೆ ಜೀವಮಾನದಲ್ಲೇ ಮೊದಲ ರಸೀದಿ ಬರೆದರು. ವಕೀಲಮ್ಮ ಅದನ್ನು ಮಡಿಸಿ ಇಟ್ಟುಕೊಂಡು, ಆ ದೂರಿನ ಒಂದು ಪ್ರತಿ ಬೇಕು ಎಂದರು. ಅಲ್ಲೇ ನಿಂತು ಓದಿದರು. ಎರಡನೇ ಸಲ ಓದಿದರು. ಆರು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಮುಂದಿನ ವಾಯಿದೆಯಲ್ಲಿ ಸೆಂಟು ಯಜಮಾನ ಸಾಕ್ಷಿಕಟ್ಟೆ ಹತ್ತಿದ. ವಕೀಲಮ್ಮ ಆ ಕಾಗದ ಅವನ ಕೈಗೆ ಕೊಟ್ಟರು.

"ಇದು ನೀವು ಬರ್ದಿದ್ದಾ?"

"ಹೂಂ. ನಾನೇ, ನನ್ನ ಕೈಯಾರೆ" ಎಂದು ಅವನು ಎದೆ ಉಬ್ಬಿಸಿದ.

"ಸಹಿ ನಿಮ್ದೇನಾ?"

"ನನ್ದೇ. ಬೇಕಾದ್ರೆ ಇನ್ನೊಂದು ಹಾಕಿ ತೋರಿಸ್ತೀನಿ."

"ಎರಡನೇ ಸಾಲು ಓದಿ."

ಅವನು ಗಂಟಲು ಸರಿ ಮಾಡಿಕೊಂಡು ಜೋರಾಗಿ ಓದಿದ: "ಸದರಿ ಹೆಂಗಸು ಇಪ್ಪತ್ತೆರಡು ವರ್ಷಗಳಿಂದ ನನ್ನ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದು, ಇಸ್ತ್ರಿ ಅಂಗಡಿ ನಡೆಸುತ್ತಾ, ಕೋರ್ಟಿನ ಸಕಲ ವಕೀಲರನ್ನೂ ಇಸ್ತ್ರಿಯಿಂದಲೇ ಬುಟ್ಟಿಗೆ ಹಾಕಿಕೊಂಡಿರುತ್ತಾಳೆ..." ಅಷ್ಟಕ್ಕೆ ಅವನ ಧ್ವನಿ ತಾನಾಗಿಯೇ ಇಳಿಯಿತು.

"ಬಾಡಿಗೆಗಿದ್ದು ಅನ್ನೋವರೆಗೂ ಸಾಕು" ಅಂದರು ವಕೀಲಮ್ಮ ಅದೇ ಸಣ್ಣ ಧ್ವನಿಯಲ್ಲಿ. "ಇಪ್ಪತ್ತೆರಡು ವರ್ಷ ಅಂತ ನಿಮಗೆ ಹೇಗೆ ಗೊತ್ತು?"

"ಕಟ್ಟಡ ಮಾರಿದೋರೇ ಹೇಳಿದ್ರು" ಎಂದುಬಿಟ್ಟ ಪುಣ್ಯಾತ್ಮ.

ಅವನ ವಕೀಲರು ತಲೆ ಮೇಲೆ ಕೈ ಇಟ್ಟುಕೊಂಡರು. ಎದ್ದು ನಿಂತು ಅವನ ಕಡೆ ತಿರುಗಿ, "ಇದನ್ನ ಕಳಿಸೋ ಮುಂಚೆ ನನ್ನ ಒಂದು ಮಾತು ಕೇಳಬಾರದಿತ್ತೇನ್ರೀ?" ಅಂದರು.

"ಕೇಳಿದ್ರೆ ಪುಟಕ್ಕಿಷ್ಟು ಅಂತ ಬಿಲ್ ಹಾಕ್ತಿದ್ರಿ" ಅಂದ ಅವನು.

ನ್ಯಾಯಾಧೀಶರು ಕೈವಸ್ತ್ರ ತೆಗೆದು ಬಾಯಿಗೆ ಹಿಡಿದುಕೊಂಡರು. ಉಳಿದವರು ಅಷ್ಟೂ ಮಾಡಲಿಲ್ಲ. ಸೆಂಟು ಯಜಮಾನ ಇಂಗು ತಿಂದ ಮಂಗನ ಹಾಗೆ ಕಟ್ಟೆ ಇಳಿದ. ಅಷ್ಟು ದೊಡ್ಡ ವಕೀಲರನ್ನು ಇಟ್ಟುಕೊಂಡು ಒಂದು ಪುಟದ ಫೀಸು ಉಳಿಸಲು ಹೋಗಿ ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದ. ನನಗೆ ನಗು ಬರಲಿಲ್ಲ. ಅತ್ತಿಗೆಯ ಕೈ ಹಿಡಿದುಕೊಂಡು ಕೂತಿದ್ದೆ.

ಎರಡು ತಿಂಗಳಿಗೆ ತೀರ್ಪು ಬಂತು. ಅತ್ತಿಗೆ ಬಾಡಿಗೆದಾರರೇ, ಹೀಗೆ ಏಕಾಏಕಿ ಎಬ್ಬಿಸುವಂತಿಲ್ಲ, ಇನ್ನು ಮುಂದೆ ಬಾಡಿಗೆಗೆ ರಸೀದಿ ಕೊಡತಕ್ಕದ್ದು. ಮೇಲಿನ ಕೋರ್ಟಿಗೆ ಹೋಗಲು ಇದ್ದ ಅವಧಿಯೂ ಮುಗಿಯಿತು. ಸೆಂಟು ಯಜಮಾನ ಹೋಗಲಿಲ್ಲ, ಅಲ್ಲಿಯ ದರಪಟ್ಟಿ ಕೇಳಿಯೇ ಸುಸ್ತಾಗಿದ್ದನಂತೆ. ಅದರ ಮಾರನೇ ದಿನ ವಕೀಲಮ್ಮ ಗೌನು ಹಿಡಿದು ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ, ತಲೆ ಹೊಡೆಸಿಕೊಂಡು ಉಜ್ಜಿಕೊಳ್ಳುತ್ತಿದ್ದೆ.

"ಈ ಕೇಸಿಗೆ ನಿಮಗೆ ಸರ್ಕಾರ ಎಷ್ಟು ಕೊಡ್ತು ತಾಯೀ?" ಎಂದು ಅತ್ತಿಗೆ ಕೇಳಿದರು. ವಕೀಲಮ್ಮ ಹೇಳಿದರು. ಅತ್ತಿಗೆ ಪೆಟ್ಟಿಗೆ ಕೆಳಗಿಟ್ಟರು. ನಮ್ಮ ದೊಡ್ಡ ವಕೀಲರ ಮೆತ್ತನೆ ಕುರ್ಚಿಯಲ್ಲಿ ಎರಡು ಸಲ ಕೂರುವುದಕ್ಕೂ ಅದು ಸಾಲುತ್ತಿರಲಿಲ್ಲ.

"ಇಷ್ಟೇನಾ? ಯಾರ ದುಡ್ಡದು, ಇಷ್ಟು ಹಿಡಿದು ಹಿಡಿದು ಕೊಡೋಕೆ?"

"ಜನರ ದುಡ್ಡೇ ಅಮ್ಮ. ನೀವು ಸೋಪು ತಗೊಂಡ್ರೆ, ಬೆಂಕಿಪೊಟ್ಟಣ ತಗೊಂಡ್ರೆ, ಅದ್ರಲ್ಲಿ ಒಂಚೂರು ತೆರಿಗೆ ಅಂತ ಸರ್ಕಾರಕ್ಕೆ ಹೋಗುತ್ತಲ್ಲ, ಆ ದುಡ್ಡು. ನೀವು ಕೊಟ್ಟಿದ್ದೂ ಅದ್ರಲ್ಲಿದೆ."

ಅತ್ತಿಗೆ ಮೇಜಿನ ಮೇಲಿದ್ದ ಬೆಂಕಿಪೊಟ್ಟಣ ಎತ್ತಿ ತಿರುಗಿಸಿ ನೋಡಿದರು. ಇಪ್ಪತ್ತೆರಡು ವರ್ಷದ ಬೆಂಕಿಪೊಟ್ಟಣಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರೋ ಏನೋ. ಆಮೇಲೆ ಗೌನು ಉಜ್ಜಿ ಮಡಿಸಿ ಕೊಟ್ಟು, ಪೂರ್ತಿ ದುಡ್ಡು ಎಣಿಸಿ ತೆಗೆದುಕೊಂಡರು. ಅವತ್ತಿನಿಂದ ಯಾರಾದರೂ "ನಿಮಗೇನಮ್ಮ, ಬಿಟ್ಟಿ ವಕೀಲರು ಸಿಕ್ಕಿದ್ರು" ಅಂದರೆ ಸಾಕು, ಕೆಂಡವಾಗುತ್ತಾರೆ. ನಾನೂ ಒಮ್ಮೆ ಅಂದು ಅನುಭವಿಸಿದ್ದೇನೆ.

ಮೊನ್ನೆ ಪಕ್ಕದ ಬೀದಿಯಲ್ಲಿ ಗುಂಡಿ, ಕಾಜ ಹೊಲಿಯುವ ಹೆಂಗಸು ಒಂದು ನೋಟೀಸು ಹಿಡಿದು ಅಂಗಡಿ ಮುಂದೆ ಬಂದು ನಿಂತಳು. ಅವಳ ಹೊಲಿಗೆ ಯಂತ್ರ ಜಪ್ತಿ ಮಾಡುತ್ತೇವೆ ಎಂದು ಯಾರೋ ಬರೆದಿದ್ದರು. ನಾನು ಕನ್ನಡಕ ಹಾಕಿಕೊಂಡು ಸಲಹೆ ಕೊಡಲು ತಯಾರಾದೆ. ಅತ್ತಿಗೆ ನನ್ನ ಕೈಯಿಂದ ಕಾಗದ ಕಿತ್ತು ಅವಳಿಗೇ ಕೊಟ್ಟು, ಕೋರ್ಟಿನ ಹಿಂಭಾಗದ ಕಚೇರಿಗೆ ದಾರಿ ತೋರಿಸಿದರು.

"ಬೇಡಕ್ಕ. ನಾನೆಂದೂ ಯಾರ ಹತ್ರಾನೂ ಧರ್ಮಕ್ಕೆ ಕೈ ಚಾಚಿದೋಳಲ್ಲ" ಎಂದು ಅವಳು ತಲೆ ತಗ್ಗಿಸಿದಳು.

"ಧರ್ಮ ಯಾಕೆ ಆಗುತ್ತೆ?" ಅಂದರು ಅತ್ತಿಗೆ. "ಅಲ್ಲಿ ನಿನ್ನ ದುಡ್ಡಿದೆ. ಸಾಲದೇ ಬಂದ್ರೆ ನನ್ನದೂ ಇದೆ. ಹೋಗು."